ಟಾರ್ಚು ಬಿಡುವವನೇ ಕನಸಾದರೆ?

2013ರ ಸೆಪ್ಟೆಂಬರ್ 6, ಶುಕ್ರವಾರ. ಗೌರಿ ಗಣೇಶ ಹಬ್ಬಕ್ಕೆ ಇನ್ನು ಎರಡು ಮೂರು ದಿನ. ಬೆಂಗಳೂರಿನ ಅರ್ಧ ಜನ ಬ್ಯಾಗು ಹೆಗಲಿಗೇರಿಸಿಕೊಂಡು ಊರಿನ ಬಸ್ಸು ಹುಡುಕುತ್ತಿದ್ದ ಆ ಶುಕ್ರವಾರವೇ ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' ತೆರೆಗೆ ಬಂತು. ಹಬ್ಬ ಮುಗಿದ ಮೇಲೆ ನಮ್ಮ ವೈಟ್‌ಫೀಲ್ಡ್ ಕಡೆಯ ಕ್ಯಾಬುಗಳಲ್ಲಿ, ಕ್ಯಾಂಟೀನಿನ ಮೇಜುಗಳ ಮೇಲೆ, ಊರಿಂದ ತಂದ ಚಕ್ಕುಲಿ ಡಬ್ಬಿಯ ಸುತ್ತ ಒಂದೇ ಜಗಳ. ಅರ್ಥವಾಯ್ತಾ? ಆಗಲಿಲ್ವಾ? ಯಾವುದು ಕನಸು, ಯಾವುದು ನಿಜ?

ಎಂದೋ ಮುಗಿದ ಜಗಳವನ್ನು ಈಗ ಕೆದಕುವುದಕ್ಕೆ ಕಾರಣ ಇದೆ. ಆ ಜಗಳವನ್ನು ನಾವೆಲ್ಲ 'ಅರ್ಥವಾದವರು' ಮತ್ತು 'ಅರ್ಥವಾಗದವರು' ಅಂತ ಎರಡು ಗುಂಪು ಮಾಡಿ ಫೈಲು ಮುಚ್ಚಿಬಿಟ್ಟೆವು. ಬುದ್ಧಿವಂತರಿಗೆ ಹಿಡಿಸಿತು, ಮಿಕ್ಕವರಿಗೆ ಹಿಡಿಸಲಿಲ್ಲ ಅಂತ. ನನಗೆ ಆ ಲೆಕ್ಕ ಅಂದೂ ಸರಿ ಅನ್ನಿಸಿರಲಿಲ್ಲ, ಇಂದೂ ಅನ್ನಿಸುವುದಿಲ್ಲ. ಜಗಳ ಬುದ್ಧಿಯದ್ದಾಗಿರಲಿಲ್ಲ, ಬೇರೆ ಏನೋ ಆಗಿತ್ತು.

(ಸಿನೆಮಾ ಇನ್ನೂ ನೋಡಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಮುಂದೆ ಗುಟ್ಟೆಲ್ಲಾ ರಟ್ಟು. ಇಷ್ಟು ವರ್ಷ ಆದಮೇಲೂ ನೋಡಿಲ್ಲ ಅಂದ್ರೆ ತಪ್ಪು ನನ್ನದಲ್ಲ :-) )

ಕಥೆ ಗೊತ್ತಿರುವವರಿಗೂ ಒಮ್ಮೆ ನೆನಪು ಮಾಡಿಬಿಡುತ್ತೇನೆ. ನಿಕ್ಕಿ ಎಂಬ ಹುಡುಗ ಬೆಂಗಳೂರಿನ ಒಂದು ಹಳೇ ಥಿಯೇಟರಿನಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವ ಕೆಲಸದವನು. ಸತೀಶ್ ನೀನಾಸಂ ಮಾಡಿದ ಪಾತ್ರ. ಥಿಯೇಟರಿನ ಯಜಮಾನ ಶಂಕರಣ್ಣ, ಅಚ್ಯುತ್ ಕುಮಾರ್. ಸಾಲ ಕತ್ತಿನವರೆಗೆ ಬಂದಿದ್ದರೂ ಥಿಯೇಟರು ಬಿಡಲೊಲ್ಲದ ಮನುಷ್ಯ. ನಿಕ್ಕಿಗೆ ನಿದ್ದೆ ಬರುವುದಿಲ್ಲ. ಯಾರೋ 'ಲೂಸಿಯಾ' ಎಂಬ ಮಾತ್ರೆ ಕೊಡುತ್ತಾರೆ. ನುಂಗಿ ಮಲಗಿದರೆ ಬೇಕಾದ ಕನಸು, ನಿನ್ನೆ ನಿಂತಲ್ಲಿಂದ ಇವತ್ತು ಮುಂದುವರಿಯುವ ಕನಸು. ಕನಸಿನಲ್ಲಿ ನಿಕ್ಕಿ ದೊಡ್ಡ ಸಿನೆಮಾ ಸ್ಟಾರ್. ಶಂಕರಣ್ಣ ಅಲ್ಲಿ ಅವನ ಮ್ಯಾನೇಜರು. ಎಚ್ಚರದಲ್ಲಿ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಶ್ವೇತಾ (ಶ್ರುತಿ ಹರಿಹರನ್) ಅಲ್ಲಿ ಮಾಡೆಲ್, ನಟಿ. ಇವೆರಡರ ಹೊರಗೆ ಮೂರನೆಯದೊಂದು ಎಳೆ: ಆಸ್ಪತ್ರೆಯಲ್ಲಿ ಕೋಮಾದಲ್ಲಿ ಮಲಗಿದವನೊಬ್ಬ, ಅವನ ಸುತ್ತ ಪೊಲೀಸರ ತನಿಖೆ.

ಟಾರ್ಚು ಹುಡುಗನ ಬದುಕು ಕಲರ್‌ನಲ್ಲಿದೆ. ಸ್ಟಾರಿನ ಬದುಕು ಕಪ್ಪು ಬಿಳುಪಿನಲ್ಲಿದೆ. ಎರಡು ಗಂಟೆ ನಾವು ಕಲರ್ ಅಂದರೆ ನಿಜ, ಕಪ್ಪು ಬಿಳುಪು ಅಂದರೆ ಕನಸು ಅಂತ ನಂಬಿಕೊಂಡು ಕೂತಿರುತ್ತೇವೆ. ಕೊನೆಗೆ ಪವನ್ ತಲೆಕೆಳಗು ಮಾಡುತ್ತಾರೆ. ನಿಜವಾಗಿ ಇದ್ದದ್ದು ಸ್ಟಾರು. ಹೆಸರು, ದುಡ್ಡು, ಬೆದರಿಕೆ, ಒಂಟಿತನ ಎಲ್ಲ ಸಾಕಾಗಿ ಅವನು ಮಾತ್ರೆ ನುಂಗಿ ಒಬ್ಬ ಸಾಮಾನ್ಯ ಮನುಷ್ಯನಾಗುವ ಕನಸು ಕಂಡ. ಟಾರ್ಚು ಬಿಡುವ ನಿಕ್ಕಿ ಎಂಬವನು ಇರಲೇ ಇಲ್ಲ.

ಈ ಸಿನೆಮಾ ಹುಟ್ಟಿದ ರೀತಿಯೂ ನಮ್ಮಂಥ ಬ್ಲಾಗಿಗರಿಗೆ ಸ್ವಲ್ಪ ಹತ್ತಿರದ್ದು. ಯೋಗರಾಜ್ ಭಟ್ಟರ ಜೊತೆ 'ಮನಸಾರೆ' (2009), 'ಪಂಚರಂಗಿ'ಗಳಲ್ಲಿ (2010) ಬರವಣಿಗೆಗೆ ಕೈಜೋಡಿಸಿದ್ದ ಪವನ್, 2011ರಲ್ಲಿ 'ಲೈಫು ಇಷ್ಟೇನೆ' ನಿರ್ದೇಶಿಸಿದರು. ಆಮೇಲೆ ಹೊಸ ಕಥೆಗೆ ನಿರ್ಮಾಪಕರು ಸಿಗದೆ, 2012ರ ಆರಂಭದಲ್ಲಿ ತಮ್ಮ ಬ್ಲಾಗಿನಲ್ಲಿ ಚಿತ್ರರಂಗದ ಮೇಲಿನ ಸಿಟ್ಟನ್ನೆಲ್ಲ ಕಾರಿಕೊಂಡರು. ಓದಿದವರು ಕಾಮೆಂಟು ಹಾಕಿ ಸುಮ್ಮನಾಗಲಿಲ್ಲ, ನಾವು ದುಡ್ಡು ಹಾಕುತ್ತೇವೆ ಅಂದರು. 27 ದಿನದಲ್ಲಿ 110 ಜನ ಸೇರಿ 51 ಲಕ್ಷ ರೂಪಾಯಿ ಕೂಡಿಸಿದರು. ನಿರ್ಮಾಪಕ ಅಂದರೆ ಬಿಳಿ ಶರ್ಟು, ಬೆರಳ ತುಂಬ ಉಂಗುರ ಅಂದುಕೊಂಡಿದ್ದ ಊರಿನಲ್ಲಿ ಪ್ರೇಕ್ಷಕರೇ ನಿರ್ಮಾಪಕರಾದರು. ಇಲ್ಲಿಗೆ ಬರುವ ಮೊದಲೇ, 2013ರ ಜುಲೈನಲ್ಲಿ, ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿಯನ್ನೂ ತೆಗೆದುಕೊಂಡು ಬಂದಿತ್ತು. ಹಾಗಾಗಿ ಬಿಡುಗಡೆಯ ದಿನವೇ ಒಂದು ಗುಂಪಿಗೆ ಇದು 'ನಮ್ಮ ಸಿನೆಮಾ' ಆಗಿಬಿಟ್ಟಿತ್ತು. ನಮ್ಮದು ಅಂದಮೇಲೆ ಬೈದವರ ಮೇಲೆ ಸಿಟ್ಟು ಬರುವುದೂ ಸಹಜವೇ.

ಇನ್ನು ಜಗಳ. ನಮ್ಮ ಕ್ಯಾಬಿನಲ್ಲಿ ಕೇಳಿಬಂದ ಮಾತುಗಳಿವು. "ಇದು ಕನ್ನಡದ ಇನ್ಸೆಪ್ಷನ್." "ಥೂ, ವೆನಿಲಾ ಸ್ಕೈ ಕಾಪಿ." "ಎರಡನೇ ಸಲ ನೋಡು, ಮೊದಲಿಂದಲೇ ಸುಳಿವು ಕೊಟ್ಟಿದಾನೆ." "ದುಡ್ಡು ಕೊಟ್ಟು ಎರಡನೇ ಸಲ ನೋಡಬೇಕು ಅಂದ್ರೆ ಅದು ಸಿನೆಮಾನಾ, ಸಪ್ಲಿಮೆಂಟರಿ ಪರೀಕ್ಷೆನಾ?" ಕೊನೆಯ ಮಾತು ಹೇಳಿದವನಿಗೆ ಎಲ್ಲರೂ ನಕ್ಕರು. ಒಬ್ಬ ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದು, ಕಲರ್ ಸೀನು ಮೇಲೆ, ಕಪ್ಪು ಬಿಳುಪಿನ ಸೀನು ಕೆಳಗೆ ಬರೆದು ಬಾಣಗಳಿಂದ ಜೋಡಿಸಿದ್ದ. ಯಾವುದೋ ಸಾಫ್ಟ್‌ವೇರಿನ ಡಿಸೈನ್ ರಿವ್ಯೂ ಥರ ಇತ್ತು. ಅವನಿಗೆ ಸಿನೆಮಾ ಬಹಳ ಇಷ್ಟವಾಗಿತ್ತು, ಆದರೆ ನಿಕ್ಕಿಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಅವತ್ತೇ ನನಗೆ ಏನೋ ಚುಚ್ಚಿತು.

ಆ ವಾರವೇ ಪೀಣ್ಯದಲ್ಲಿ ಬೇರೆ ಮಾತು ಕೇಳಿದೆ. ನನ್ನ ಚಿಕ್ಕಪ್ಪನ ಮಗ ಅಲ್ಲಿ ಸಿಎನ್‌ಸಿ ಆಪರೇಟರು. ಐಟಿಐ ಮುಗಿಸಿ ತುಮಕೂರು ಕಡೆಯಿಂದ ಬಂದವನು. ರೂಮಿನ ಗೆಳೆಯರೊಂದಿಗೆ ಸೆಕೆಂಡ್ ಶೋ ನೋಡಿದ್ದ. ಕೇಳಿದೆ, ಹೆಂಗಿತ್ತೋ ಅಂತ.

"ಚೆನ್ನಾಗಿತ್ತಣ್ಣ, ಆದ್ರೆ ಲಾಸ್ಟಲ್ಲಿ ಮೋಸ ಮಾಡ್ಬುಟ್ರು."

"ಅರ್ಥ ಆಗಲಿಲ್ವಾ?"

"ಅರ್ಥ ಆಯ್ತು ಕಣಣ್ಣ. ಅದಕ್ಕೇ ಮೋಸ ಅಂದಿದ್ದು. ಅಷ್ಟೊತ್ತು ಆ ಹುಡ್ಗನ್ನ ತೋರ್ಸಿ, ಅವ್ನೇ ಇಲ್ಲ ಅಂದ್ರೆ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಕಥೆ ಪೂರ್ತಿ ಅರ್ಥವಾಗಿತ್ತು, ಬಹುಶಃ ನೋಟ್‌ಬುಕ್ಕಿನವನಿಗಿಂತ ಚೆನ್ನಾಗಿ. ಒಪ್ಪಿಗೆ ಆಗಿರಲಿಲ್ಲ, ಅಷ್ಟೆ. ಊರಿಂದ ಬಂದು, ಎಂಟು ಜನರ ರೂಮಿನಲ್ಲಿ ಮಲಗಿ, ಇಂಗ್ಲಿಷು ಬರುವ ಹುಡುಗಿಯ ಮುಂದೆ ನಾಲಿಗೆ ಒಣಗಿಸಿಕೊಂಡವನಿಗೆ ನಿಕ್ಕಿ ಯಾರೋ ಅಲ್ಲ. ಆ ಬದುಕು ಇನ್ಯಾವನೋ ಶ್ರೀಮಂತನ ಬೇಸರ ಕಳೆಯುವ ಕನಸು ಅಂದರೆ ಅವನು ಹೇಗೆ ಚಪ್ಪಾಳೆ ತಟ್ಟಬೇಕು?

ಇಲ್ಲಿ ಒಂದು ಹಳೇ ಪದ್ಯ ನೆನಪಾಗುತ್ತದೆ. ಶಾಲೆಯಲ್ಲಿ ನಾವೆಲ್ಲ ಕಂಠಪಾಠ ಮಾಡಿದ ಮುಪ್ಪಿನ ಷಡಕ್ಷರಿಯ 'ತಿರುಕನ ಕನಸು'. ಊರ ಮುಂದಿನ ಮುರುಕು ಧರ್ಮಶಾಲೆಯಲ್ಲಿ ಮಲಗಿದ ಭಿಕ್ಷುಕನಿಗೆ ಕನಸು ಬೀಳುತ್ತದೆ. ಪಟ್ಟದಾನೆ ಬಂದು ಮಾಲೆ ಹಾಕುತ್ತದೆ, ಅವನು ರಾಜನಾಗುತ್ತಾನೆ, ಮದುವೆ, ಮಕ್ಕಳು, ಮಕ್ಕಳ ಮದುವೆ. ಕೊನೆಗೆ ದಂಡು ಮುತ್ತಿದಂತಾಗಿ ಬೆಚ್ಚಿ ಕಣ್ಣು ಬಿಟ್ಟರೆ ಅದೇ ಮುರುಕು ಧರ್ಮಶಾಲೆ. ಕನ್ನಡ ಶಾಲೆಯಲ್ಲಿ ಓದಿದವರ ತಲೆಯಲ್ಲಿ ಕನಸಿನ ಕಥೆ ಅಂದರೆ ಈ ಅಚ್ಚು ಕೂತುಬಿಟ್ಟಿದೆ. ಬಡವ ಎಚ್ಚರದವನು, ಅರಸುತನ ಕನಸಿನದು. 'ಲೂಸಿಯಾ' ನೋಡಲು ಕೂತಾಗ ಕಲರ್ ನಿಜ, ಕಪ್ಪು ಬಿಳುಪು ಕನಸು ಅಂತ ನಾವು ಅಷ್ಟು ಸಲೀಸಾಗಿ ನಂಬಿದ್ದು ಬಣ್ಣದಿಂದ ಮಾತ್ರ ಅಲ್ಲ, ಈ ಪದ್ಯದಿಂದ ಕೂಡ ಅಂತ ನನ್ನ ಗುಮಾನಿ. ಪವನ್ ಉಲ್ಟಾ ಹೊಡೆದರು: ಅರಸನೇ ಮಲಗಿದ್ದಾನೆ, ತಿರುಕನಾಗುವ ಕನಸು ಕಾಣುತ್ತಿದ್ದಾನೆ. ಪದ್ಯದಲ್ಲಿ ಕಣ್ಣು ಬಿಟ್ಟಾಗ ತಿರುಕ ಕಳೆದುಕೊಳ್ಳುವುದು ಇಲ್ಲದ ರಾಜ್ಯವನ್ನು. ಇಲ್ಲಿ ಅರಸ ಕಣ್ಣು ಬಿಟ್ಟರೆ ತಿರುಕನೇ ಹೋಗುತ್ತಾನೆ.

ಹೊರಗಿನ ಒಂದು ಸಿನೆಮಾ ಇಲ್ಲಿ ಹೋಲಿಕೆಗೆ ಒದಗುತ್ತದೆ, ಇನ್ಸೆಪ್ಷನ್ ಅಲ್ಲ. ಡೇವಿಡ್ ಲಿಂಚ್‌ನ 'ಮಲ್ಹಾಲೆಂಡ್ ಡ್ರೈವ್' (2001). ಮೊದಲು ಎಬಿಸಿ ಟಿವಿಗಾಗಿ ಮಾಡಿದ ಧಾರಾವಾಹಿಯ ಮೊದಲ ಕಂತು. ಅವರು ಬೇಡ ಅಂದಮೇಲೆ ಲಿಂಚ್ ಅದಕ್ಕೇ ಇನ್ನಷ್ಟು ಸೇರಿಸಿ ಸಿನೆಮಾ ಮಾಡಿದ. ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನು ಜೋಯೆಲ್ ಕೋಯೆನ್ ಜೊತೆ ಹಂಚಿಕೊಂಡ. ಅಲ್ಲೂ ನೋಡಿದವರು ಎರಡು ಹೋಳು. ಕೆಲವರಿಗೆ ಅದು ಶುದ್ಧ ಕಸ, ಕೆಲವರಿಗೆ ಮಹಾಕಾವ್ಯ. ಡಿವಿಡಿ ಬಂದಾಗ ಒಳಗೆ ಒಗಟು ಬಿಡಿಸಲು ಹತ್ತು ಸುಳಿವುಗಳ ಚೀಟಿ ಬೇರೆ ಇಟ್ಟಿದ್ದರು. 2016ರಲ್ಲಿ ಬಿಬಿಸಿ 177 ವಿಮರ್ಶಕರನ್ನು ಕೇಳಿದಾಗ ಈ ಶತಮಾನದ ಸಿನೆಮಾಗಳಲ್ಲಿ ಅದೇ ಮೊದಲನೆಯದಾಗಿ ಬಂತು. 2025ರ ಜನವರಿಯಲ್ಲಿ ಲಿಂಚ್ ತೀರಿಕೊಂಡ, ಕೊನೆಯವರೆಗೂ 'ಅರ್ಥ ಇದು' ಅಂತ ಬಾಯಿ ಬಿಡಲಿಲ್ಲ.

ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅರ್ಥದ ಪ್ರಕಾರ, ಆ ಸಿನೆಮಾದಲ್ಲಿ ಹಾಲಿವುಡ್ಡಿನಲ್ಲಿ ಸೋತ ಹುಡುಗಿಯೊಬ್ಬಳು ತಾನು ಗೆಲ್ಲುವ ಕನಸು ಕಾಣುತ್ತಾಳೆ. ಅಂದರೆ ಅದು ಹೆಚ್ಚುಕಮ್ಮಿ ತಿರುಕನ ಕನಸೇ! ದಂಡು ಮುತ್ತುವ ಬದಲು ಒಂದು ನೀಲಿ ಪೆಟ್ಟಿಗೆ. ಅದನ್ನು ನೋಡಿ ತಲೆಕೆಟ್ಟವರು ಕೂಡ ಎದ್ದ ಹುಡುಗಿಯ ದುಃಖವನ್ನು ಸುಳ್ಳು ಅನ್ನಲಿಲ್ಲ. 'ಲೂಸಿಯಾ' ಕೈಹಾಕಿದ್ದು ಅದಕ್ಕಿಂತ ಅಪಾಯದ ಕೆಲಸಕ್ಕೆ. ಹಾಗಾಗಿಯೇ ಪೀಣ್ಯದ ಹುಡುಗ ಬೇಜಾರಾದ.

ಹಾಗಾದರೆ ವೈಟ್‌ಫೀಲ್ಡಿನ ನೋಟ್‌ಬುಕ್ಕಿನವನು ಯಾಕೆ ಖುಷಿಪಟ್ಟ? ಅವನು ಬುದ್ಧಿವಂತ ಅಂತಲಾ? ನನಗೆ ಹಾಗನ್ನಿಸುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಸೋಮವಾರ ಬೆಳಿಗ್ಗೆ 335ಇ ಬಸ್ಸಿನಲ್ಲಿ ನೇತಾಡುತ್ತ, "ಇದೆಲ್ಲ ಬಿಟ್ಟು ಊರಿಗೆ ಹೋಗಿ ತೋಟ ಮಾಡಬೇಕು" ಅಂದಿಲ್ಲ? ಮಲೆನಾಡಿನಲ್ಲಿ ಒಂದು ಹೆಂಚಿನ ಮನೆ, ಎರಡು ಎಕರೆ ಅಡಿಕೆ, ಒಂದು ಹಸು. ಇಎಂಐ ಕಟ್ಟುವವನ ಕನಸು ಯಾವಾಗಲೂ ಸರಳ ಜೀವನದ್ದೇ. ಸ್ಟಾರ್ ನಿಖಿಲ್ ಮಾಡಿದ್ದೂ ಅದನ್ನೇ, ಮಾತ್ರೆಯ ಸಹಾಯದಿಂದ. ಕಪ್ಪು ಬಿಳುಪಿನ, ಏಸಿ ಹಾಕಿದ, ಉಸಿರುಗಟ್ಟಿಸುವ ಬದುಕೇ ನಿಜ ಅಂತ ಗೊತ್ತಾದಾಗ ನಮ್ಮ ಕ್ಯಾಬಿನವರಿಗೆ ಆಘಾತ ಆಗಲಿಲ್ಲ, ಒಂಥರಾ ಸಮಾಧಾನವೇ ಆಯ್ತು. ಅವರು ತಮ್ಮನ್ನು ಆ ಕಡೆ ಕಂಡುಕೊಂಡರು, ಇವನು ಈ ಕಡೆ. ಸಿನೆಮಾ ಒಂದೇ, ಟಿಕೆಟ್ಟಿನ ದರ ಬೇರೆ ಬೇರೆ.

'ಬುದ್ಧಿವಂತ' ಅನ್ನುವ ಪದ ಈ ಜಗಳದೊಳಗೆ ಹೇಗೆ ನುಗ್ಗಿತು ಅನ್ನುವುದಕ್ಕೂ ಒಂದು ಇತಿಹಾಸವಿದೆ. ಅದು ಉಪೇಂದ್ರರ ಕಾಣಿಕೆ. 1998ರಲ್ಲಿ ಬಂದ 'ಎ', ಉಪೇಂದ್ರ ನಾಯಕನಾದ ಮೊದಲ ಚಿತ್ರ. ಗುರುಕಿರಣ್ ಸಂಗೀತ, ಕಥೆ ಹಿಂದುಮುಂದು. 'ಬುದ್ಧಿವಂತರಿಗೆ ಮಾತ್ರ' ಅನ್ನುವುದೇ ಪ್ರಚಾರದ ಮಾತು. ಎಂಥ ಚಾಲಾಕಿ ನೋಡಿ. ಅರ್ಥವಾಗಲಿಲ್ಲ ಅಂದರೆ ನೀನು ದಡ್ಡ ಅಂತ ಒಪ್ಪಿಕೊಂಡಂತೆ. ಆದ್ದರಿಂದ ಹೊರಗೆ ಬಂದವರು ಅರ್ಥವಾಯ್ತು ಅಂದರು, ಅರ್ಥಮಾಡಿಕೊಳ್ಳಲು ಮತ್ತೆ ಒಳಗೆ ಹೋದರು. ಮಜಾ ಏನೆಂದರೆ ಆ ಚಿತ್ರವನ್ನು ತಲೆಮೇಲೆ ಹೊತ್ತು ಮೆರೆಸಿದ್ದು ಗಾಂಧಿ ಕ್ಲಾಸಿನವರು. ಆಟೋ ಸ್ಟ್ಯಾಂಡುಗಳಲ್ಲಿ, ಗ್ಯಾರೇಜುಗಳಲ್ಲಿ 'ಎ' ಬಗ್ಗೆ ನಡೆದಷ್ಟು ಚರ್ಚೆ ಯಾವ ಫಿಲ್ಮ್ ಸೊಸೈಟಿಯಲ್ಲೂ ನಡೆದಿರಲಿಕ್ಕಿಲ್ಲ. ಗೋಜಲು ಕಥೆ ಓದಿದವರಿಗೆ, ನೇರ ಕಥೆ ಓದದವರಿಗೆ ಅನ್ನುವ ಮಾತನ್ನು 1998ರಲ್ಲೇ ಬೆಂಗಳೂರು ಸುಳ್ಳು ಮಾಡಿತ್ತು. 'ಲೂಸಿಯಾ' ಬರುವ ಹೊತ್ತಿಗೆ ನಾವು ಅದನ್ನು ಮರೆತಿದ್ದೆವು, ಅಷ್ಟೆ. 2024ರ ಡಿಸೆಂಬರಿನಲ್ಲಿ ಉಪೇಂದ್ರರೇ 'ಯುಐ' ಸಿನೆಮಾದ ಶುರುವಿನಲ್ಲಿ, ಬುದ್ಧಿವಂತರಾದರೆ ಎದ್ದು ಹೋಗಿ ಅನ್ನುವ ಅರ್ಥದ ಫಲಕ ತೋರಿಸಿದರು. 26 ವರ್ಷದ ಹಿಂದೆ ಬುದ್ಧಿವಂತರನ್ನು ಕರೆದವರು ಈಗ ಹೊರಗೆ ಕಳಿಸಿದರು! ಯಾರೂ ಎದ್ದು ಹೋಗಲಿಲ್ಲ ಬಿಡಿ. ಮತ್ತೆ ಅದೇ ಜಗಳ.

ಮಧ್ಯೆ ಮಲ್ಟಿಪ್ಲೆಕ್ಸು ಬಂತು. 'ಮುಂಗಾರು ಮಳೆ' (2006) ಕೋರಮಂಗಲದ ಫೋರಂ ಮಾಲಿನ ಪಿವಿಆರ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿದ ಮೇಲೆ, ಮಾಲಿನಲ್ಲಿ ಕನ್ನಡ ಸಿನೆಮಾ ನೋಡುವ ಜನ ಇದ್ದಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಆದರೂ ನಮ್ಮ ಹೊರವಲಯದಲ್ಲಿ ಕನ್ನಡಕ್ಕೆ ಸಿಗುತ್ತಿದ್ದದ್ದು ಹೆಚ್ಚಾಗಿ ಯಾರಿಗೂ ಹೊಂದದ ಹೊತ್ತಿನ ಆಟವೇ. ಅದರಿಂದ ಇನ್ನೊಂದಾಯಿತು. 'ಎ' ಕಾಲದಲ್ಲಿ ಬಾಲ್ಕನಿಯವನೂ ಗಾಂಧಿ ಕ್ಲಾಸಿನವನೂ ಒಂದೇ ಛಾವಣಿಯ ಕೆಳಗೆ ಕೂತು, ಒಂದೇ ಗೇಟಿನಿಂದ ಹೊರಗೆ ಬಂದು, ಒಂದೇ ಬೀಡಿ ಅಂಗಡಿಯ ಮುಂದೆ ವಾದ ಮಾಡುತ್ತಿದ್ದರು. 'ಲೂಸಿಯಾ' ಕಾಲಕ್ಕೆ ವೈಟ್‌ಫೀಲ್ಡಿನವನು ಮಾಲಿನಲ್ಲಿ ನೋಡಿದ, ಪೀಣ್ಯದವನು ಹಳೇ ಥಿಯೇಟರಿನಲ್ಲಿ ನೋಡಿದ. ಇಬ್ಬರೂ ಎದುರಾ ಬದುರಾ ಕೂತು ಜಗಳವಾಡಲೇ ಇಲ್ಲ. ಇಬ್ಬರ ಮಾತೂ ನನಗೆ ಸಿಕ್ಕಿದ್ದು ಚಿಕ್ಕಪ್ಪನ ಮಗ ಇದ್ದಿದ್ದರಿಂದ.

ಇನ್ನೊಂದು ಮಾತು, ನಿದ್ದೆಯ ಬಗ್ಗೆ. ನಿದ್ದೆ ಬಾರದವನ ಕಥೆ ಈ ಊರಿಗೆ ಸುಮ್ಮನೆ ತಾಗಿದ್ದಲ್ಲ. ಪೀಣ್ಯದಲ್ಲಿ ಮೂರು ಶಿಫ್ಟು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹಗಲಿಗೆ ಎದ್ದಿರುವವರ ಕ್ಯಾಬುಗಳು ರಾತ್ರಿಯಿಡೀ ಮೇಲ್ಸೇತುವೆಯ ಮೇಲೆ ಓಡುತ್ತವೆ. ನನ್ನ ತಮ್ಮ ನೈಟ್ ಶಿಫ್ಟಿನ ವಾರದಲ್ಲಿ ಹಗಲು ಕಿಟಕಿಗೆ ಬೆಡ್‌ಶೀಟು ಕಟ್ಟಿ ಮಲಗುತ್ತಾನೆ, ಪಕ್ಕದ ಪವರ್ ಪ್ರೆಸ್ಸಿನ ಸದ್ದಿಗೆ ಎದ್ದು ಕೂರುತ್ತಾನೆ. ತೊಂಬತ್ತರ ಆಸುಪಾಸಿನಲ್ಲೇ ಗಿರೀಶ್ ಕಾಸರವಳ್ಳಿಯವರು 'ಮನೆ' ಎಂಬ ಚಿತ್ರ ಮಾಡಿದ್ದರು. ಟಿ.ಎನ್. ಸೀತಾರಾಂ ಅವರ ಕಥೆ. ನಾಸಿರುದ್ದೀನ್ ಷಾ, ದೀಪ್ತಿ ನವಲ್. ಊರಿಂದ ನಗರಕ್ಕೆ ಬಂದ ಹೊಸ ಗಂಡ ಹೆಂಡತಿ, ಬಾಡಿಗೆ ಮನೆ, ಪಕ್ಕದ ಶೆಡ್ಡಿನ ಸದ್ದು. ಆ ಸದ್ದು ಅವರ ನಿದ್ದೆಯನ್ನೂ ಸಂಸಾರವನ್ನೂ ತಿನ್ನುತ್ತಾ ಹೋಗುತ್ತದೆ, ನೋಡುನೋಡುತ್ತ ಎಲ್ಲ ಕೆಟ್ಟ ಕನಸಿನಂತಾಗುತ್ತದೆ. ಕನ್ನಡದಲ್ಲಿ ಕನಸಿನಂಥ ಸಿನೆಮಾ 2013ರಲ್ಲಿ ಶುರುವಾಯಿತು ಅನ್ನುವವರು ದಯವಿಟ್ಟು ಅದನ್ನು ಹುಡುಕಿ ನೋಡಬೇಕು.

'ಲೂಸಿಯಾ' 2015ರಲ್ಲಿ ತಮಿಳಿಗೆ ಹೋಯಿತು, 'ಎನಕ್ಕುಳ್ ಒರುವನ್' ಅಂತ, ಸಿದ್ಧಾರ್ಥ್ ನಾಯಕ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಸತೀಶರ ನಿಕ್ಕಿಯೇ ನಿಕ್ಕಿ.

ತಮ್ಮನಂತೂ ತನ್ನ ವಾದ ಬಿಟ್ಟಿಲ್ಲ. ಅವನ ಪ್ರಕಾರ ನಿರ್ದೇಶಕರೇ ತಮ್ಮ ಸಿನೆಮಾವನ್ನು ತಪ್ಪು ತಿಳಿದುಕೊಂಡಿದ್ದಾರೆ! "ಯೋಚ್ನೆ ಮಾಡಣ್ಣ, ಸಾಲಗಾರ್ರು ಬಂದು ಬಾಗ್ಲಲ್ಲಿ ಕೂತ್ಕೊಳೋದು, ಹುಡ್ಗಿ ಹತ್ರ ಇಂಗ್ಲಿಷ್ ಬರ್ದೆ ಒದ್ದಾಡೋದು, ಇಷ್ಟೆಲ್ಲಾ ಡೀಟೇಲಾಗಿ ಬಡತನದ ಕನ್ಸು ಯಾವ ಸ್ಟಾರ್‌ಗೆ ಬೀಳುತ್ತೆ? ಅನುಭವಿಸ್ದೋನಿಗೇ ಗೊತ್ತಿರೋದು ಅದು. ಸ್ಟಾರೇ ಕನಸು ಕಣಣ್ಣ." ಸಿನೆಮಾದ ಒಳಗಿನ ಪುರಾವೆ ಅವನ ಕಡೆ ಇಲ್ಲ. ಆದರೂ ಈ ವಾದ ನನಗೆ ನೋಟ್‌ಬುಕ್ಕಿನ ಬಾಣಗಳಿಗಿಂತ ಹೆಚ್ಚು ಇಷ್ಟ.

2024ರ ಮೇ ತಿಂಗಳಲ್ಲಿ 'ಎ' ಮತ್ತೆ ಬಿಡುಗಡೆಯಾದಾಗ ಇಬ್ಬರೂ ಹೋದೆವು. ಅಷ್ಟರಲ್ಲಿ ಮೆಟ್ರೋ ಎರಡೂ ತುದಿ ಮುಟ್ಟಿತ್ತು. ಪೀಣ್ಯಕ್ಕೆ 2014ರಲ್ಲೇ ಬಂದಿತ್ತು, ವೈಟ್‌ಫೀಲ್ಡಿನಿಂದ ತಡೆಯಿಲ್ಲದೆ ಮೆಜೆಸ್ಟಿಕ್‌ಗೆ ಬರುವಂತಾಗಿದ್ದು 2023ರ ಅಕ್ಟೋಬರಿನಲ್ಲಿ. ಅವನು ಹಸಿರು ಗಾಡಿ ಇಳಿದ, ನಾನು ನೇರಳೆ ಗಾಡಿ ಇಳಿದೆ. ಕೆಂಪೇಗೌಡ ರಸ್ತೆಯ ಕಡೆ ನಡೆಯುತ್ತ ಯಾವ ಥಿಯೇಟರು ಎಲ್ಲಿತ್ತು ಅಂತ ಲೆಕ್ಕ ಹಾಕಿದೆವು. ಸಾಗರ್ ಇಲ್ಲ, ಕಪಾಲಿ ಇಲ್ಲ. ಸಿನೆಮಾ ಶುರುವಾಗಿ ಐದು ನಿಮಿಷ ಆಗಿತ್ತು. ಒಳಗೆ ಕತ್ತಲು. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ವಯಸ್ಸಾದವರೊಬ್ಬರು ಎದ್ದು ಬಂದು ಟಿಕೆಟ್ಟು ನೋಡದೆಯೇ ಮೆಟ್ಟಿಲ ಮೇಲೆ ಟಾರ್ಚು ಬಿಟ್ಟರು. ಬೆಳಕು ಮಂದವಾಗಿತ್ತು, ಸೆಲ್ಲು ಮುಗಿದಿತ್ತೋ ಏನೋ. "ಎಲ್ ಬೇಕಾದ್ರೂ ಕೂತ್ಕೊಳಿ ಸಾರ್, ಖಾಲಿ ಐತೆ" ಅಂದರು. ನಮ್ಮ ಹಿಂದೆ ಬಂದ ಕಾಲೇಜು ಹುಡುಗರು ಮೊಬೈಲಿನ ಲೈಟು ಹಾಕಿಕೊಂಡು ತಾವೇ ಮುಂದೆ ಹೋದರು. ತಮ್ಮ ಮಾತ್ರ ಅವರು ತೋರಿಸಿದ ಮೂರನೇ ಸಾಲಿನಲ್ಲೇ ಕೂತ.